ಪ್ರಶ್ನೋತ್ತರ: ಫೈಬರ್ ಎಳೆ ಇಳಿಸಿದರೆ ನೀರಿನ ವಿಷ ಗೊತ್ತಾಗುತ್ತಾ?

ಭಟ್ರು, ಪೆರ್ಲ: ಮೇಡಂ, ನೀವು ಫೈಬರ್ ಸೆನ್ಸರ್ ಲ್ಯಾಬಿನವರು ಅಂತ ಕೇಳ್ತಿದ್ದೇನೆ. ಇಂಟರ್ನೆಟ್ ಕೇಬಲಿನ ಎಳೆಯನ್ನು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ನೀರಿಗೆ ಇಳಿಸಿ ಮೊಬೈಲ್ ಟಾರ್ಚ್ ಬಿಟ್ಟರೆ, ಎಂಡೋಸಲ್ಫಾನ್ ಕೀಟನಾಶಕ ಇದ್ದಲ್ಲಿ ಬೆಳಕು ಮಂಕಾಗುತ್ತದಂತೆ. ಫಾರ್ವರ್ಡ್ ಬಂದಿದೆ. ನಿಜವಾ?

ಮೇಡಂ: ಸುಳ್ಳು, ಭಟ್ರೇ. ಬೆಳಕು ಎಳೆಯ ಒಳಗಿನ ಕೋರ್‌ನಲ್ಲಿ ಹೋಗುತ್ತದೆ. ಅದರ ಸುತ್ತ ಕ್ಲ್ಯಾಡಿಂಗ್ ಎಂಬ ಗಾಜಿನ ಪದರ ಇದೆ. ಅದನ್ನು ತೆಗೆದರೆ ಮಾತ್ರ ಬೆಳಕು ಹೊರಗಿನ ದ್ರವವನ್ನು ಸ್ವಲ್ಪ ಮುಟ್ಟುತ್ತದೆ. ದ್ರವದ ರಿಫ್ರಾಕ್ಟಿವ್ ಇಂಡೆಕ್ಸ್, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಬದಲಾದರೆ ಬೆಳಕೂ ಬದಲಾಗುತ್ತದೆ. ನೀರಿನದ್ದು 1.333. ಶೇ. 1ರಷ್ಟು ಉಪ್ಪು ಹಾಕಿದರೆ ಸುಮಾರು 0.0017 ಏರುತ್ತದೆ. ನೀರು ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.0001 ಇಳಿಯುತ್ತದೆ. ಕೀಟನಾಶಕ ಇರುವುದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಅದು ಮಾಡುವ ವ್ಯತ್ಯಾಸ ಈ ಬಿಸಿ-ತಂಪಿನಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ನಾವು ಎಳೆಗೆ ಆ ಒಂದು ವಿಷವನ್ನೇ ಹಿಡಿಯುವ ಲೇಪ ಹಚ್ಚುತ್ತೇವೆ. ನೀರನ್ನು ಗ್ಯಾಸ್ ಕ್ರೊಮಾಟೋಗ್ರಫಿ (ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಇರುವ ಲ್ಯಾಬಿಗೆ ಕೊಡಿ.

ಟೀಚರ್, ಕುಂಬಳೆ: ತೆಂಗಿನೆಣ್ಣೆಯ ಕಲಬೆರಕೆ?

ಮೇಡಂ: ಅದು ಸಾಧ್ಯ ಟೀಚರ್. 40 ಡಿಗ್ರಿಯಲ್ಲಿ ಶುದ್ಧ ತೆಂಗಿನೆಣ್ಣೆಯ ಇಂಡೆಕ್ಸ್ 1.448ರಿಂದ 1.449. ಹೆಚ್ಚಿನ ಅಡುಗೆ ಎಣ್ಣೆಗಳದ್ದು ಇದಕ್ಕಿಂತ ಜಾಸ್ತಿ. ತಾಳೆಬೀಜದ ಎಣ್ಣೆ ಬೆರೆಸಿದ್ದರೆ ಮಾತ್ರ ಕಷ್ಟ, ಎರಡೂ ಹತ್ತಿರ ಹತ್ತಿರ.

ರೈಗಳು, ಮುಳ್ಳೇರಿಯ: ಟಾರ್ಚ್ ಬಿಟ್ಟು ನಾನೇ ನೋಡಿದೆ, ಮಂಕಾಯ್ತು.

ಮೇಡಂ: ಮೇಲೆ ಹೇಳಿದ್ದೇನೆ.

ಶೆಟ್ರು, ಮಂಜೇಶ್ವರ: ನಮ್ಮ ಕಾಸರಗೋಡಿನ ಗೇರು ತೋಟಗಳಿಗೆ ಎಂಡೋಸಲ್ಫಾನಿನ ಹೆಲಿಕಾಪ್ಟರ್ ಸ್ಪ್ರೇ 2000ದ ಕೊನೆಗೇ ನಿಂತಿದೆ. ಈಗ ಯಾಕೆ ಸುಮ್ನೆ ಹೆದರಿಸ್ತೀರಿ?

ರೈಗಳು: ಗೇರು ತೋಟದ ಬುಡದಲ್ಲಿ ಇರುವವರು ನಾವು. ನಿಮಗೇನು ಗೊತ್ತು?

ಶೆಟ್ರು: ಗೊತ್ತಿರುವುದಕ್ಕೇ ಹೇಳಿದ್ದು. 2011ರಲ್ಲಿ ಸುಪ್ರೀಂ ಕೋರ್ಟೇ ಎಂಡೋಸಲ್ಫಾನ್ ನಿಷೇಧಿಸಿತು. ಫಾರ್ವರ್ಡ್ ಹಂಚುವುದು ಬಿಡಿ.

ಟೀಚರ್: ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣ) ತೋಡಿಗೆ ಇಳಿದರೆ ಎಳೆಯಲ್ಲಿ ಗೊತ್ತಾಗುತ್ತಾ?

ಅಕ್ಕ, ಬದಿಯಡ್ಕ: ಮಗ ಡಿಗ್ರಿ ಪ್ರಾಜೆಕ್ಟಿಗೆ ಕ್ಲ್ಯಾಡಿಂಗ್ ಕರಗಿಸಲು ಎಚ್‌ಎಫ್ (ಹೈಡ್ರೋಫ್ಲೋರಿಕ್) ಆಸಿಡ್ ತಂದು ಬಚ್ಚಲಲ್ಲಿ ಇಟ್ಟಿದ್ದಾನೆ. ಬೆಳಿಗ್ಗೆ ಬೆರಳಿಗೆ ಒಂದು ಹನಿ ತಾಗಿತಂತೆ. ಕೆಂಪಾಗಿಲ್ಲ, ಉರಿಯೂ ಇಲ್ಲ. ಅರಿಶಿನ ಹಚ್ಚಿದೆ. ಸಾಕಲ್ವಾ?

ಮೇಡಂ: ಅಕ್ಕಾ, ಸಾಕಾಗುವುದಿಲ್ಲ. ಈಗಲೇ ಹೊರಡಿ. ಈ ಆಸಿಡ್ ನೀರು ಬೆರೆತು ತೆಳುವಾಗಿದ್ದರೆ ಮೊದಲು ನೋವೇ ಆಗುವುದಿಲ್ಲ. ಗಂಟೆಗಟ್ಟಲೆ ಕಳೆದ ಮೇಲೆ ಶುರುವಾಗುತ್ತದೆ. ಚರ್ಮದೊಳಗೆ ಇಳಿದು ಕ್ಯಾಲ್ಸಿಯಂ ಹಿಡಿಯುತ್ತದೆ. ಜಾಸ್ತಿ ತಾಗಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಅರಿಶಿನ ತೊಳೆದು ಬೆರಳನ್ನು ನಲ್ಲಿ ಕೆಳಗೆ ಹಿಡಿಸಿ. ಆಸ್ಪತ್ರೆಯಲ್ಲಿ 'ಹೈಡ್ರೋಫ್ಲೋರಿಕ್ ಆಸಿಡ್' ಅಂತಲೇ ಹೇಳಿ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೇಳಿ. ಬಾಟಲಿಯ ಲೇಬಲ್ ಫೋಟೋ ತೆಗೆದುಕೊಳ್ಳಿ, ಬಾಟಲಿ ಮುಟ್ಟಬೇಡಿ. ಅದನ್ನು ಬಚ್ಚಲಿಗೆ ಸುರಿಯಲೂ ಬೇಡಿ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರು ಒಯ್ಯಲಿ. ಪ್ರಾಜೆಕ್ಟಿಗೆ 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಫೈಬರ್ ಸಾಕಿತ್ತು. ಸ್ಯಾಂಡ್‌ಪೇಪರಲ್ಲಿ ಉಜ್ಜಿದರೆ ಪದರ ಹೋಗುತ್ತದೆ, ಆಸಿಡ್ಡೇ ಬೇಡ.

ರೈಗಳು: ಸುಟ್ಟದ್ದಕ್ಕೆ ಟೂತ್‌ಪೇಸ್ಟ್ ಒಳ್ಳೆಯದು ಅಂತ ಒಂದು ಮೆಸೇಜ್ ಉಂಟು, ಹಾಕಲಾ?

ಮೇಡಂ: ಹಾಕಬೇಡಿ ರೈಗಳೇ. ದಯವಿಟ್ಟು ಸುಮ್ಮನಿರಿ.

ಶೆಟ್ರು: ಇದನ್ನೇ ನಾನು ಹೇಳಿದ್ದು.

ರೈಗಳು: ನಿಮ್ಮನ್ನು ಕೇಳಲಿಲ್ಲ.

ಅಕ್ಕ: ರಿಕ್ಷಾದಲ್ಲಿ ಇದ್ದೇವೆ ಮೇಡಂ. ಬೆರಳು ಮಿಡಿಯಲು ಶುರುವಾಗಿದೆ ಅಂತಿದ್ದಾನೆ.

ಮೇಡಂ: ಡಾಕ್ಟರ್ ಸಿಕ್ಕಿದ ಕೂಡಲೇ ನನಗೆ ಫೋನ್ ಮಾಡಿ, ನಾನೇ ಮಾತಾಡುತ್ತೇನೆ.