ಗುಜರಿಯಲ್ಲಿ ಸಿಕ್ಕ ಹಳೆ ಮುಳ್ಳಿನ ಮೀಟರ್ ಕೊಳ್ಳಬಹುದಾ? ಬಲ್ಲವರು ಹೇಳಿ

ಕೇಳಿದ್ದು, ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಇಲ್ಲೇ ಇನ್ವರ್ಟರ್ ರಿಪೇರಿ ಮಾಡುತ್ತೇನೆ. ಈಚೆಗೆ ವೋಲ್ಟ್, ಕರೆಂಟ್ ಅಳೆಯುವ ಹಳೆ ಮುಳ್ಳಿನ ಮೀಟರ್‌ಗಳ ಹುಚ್ಚು ಹತ್ತಿದೆ. ಎರಡು ಮೀಟರ್ ಕೊಂಡು ತಂದೆ, ಎರಡೂ ಸತ್ತಿದ್ದವು. ನಿನ್ನೆ ಗುಜರಿ ಅಂಗಡಿಯಲ್ಲಿ ಕರಿ ಬಣ್ಣದ ಏವೋ ಮೀಟರ್ ಕಂಡೆ, ಮಾಡೆಲ್ 8. ಚರ್ಮದ ಚೀಲವೂ ಇದೆ. 3,000 ಹೇಳುತ್ತಿದ್ದಾನೆ. ಸೆಲ್ ಇಲ್ಲ, ವೈರ್ ಇಲ್ಲ. ಮುಳ್ಳು ಅಲ್ಲಾಡುತ್ತದೆ, ಅಷ್ಟೇ ಗೊತ್ತು. ಅಂಗಡಿಯಲ್ಲೇ ನಿಂತು ಇದನ್ನು ಹೇಗೆ ಪರೀಕ್ಷೆ ಮಾಡುವುದು? ಈ ಸಲವೂ ಮೋಸ ಹೋದರೆ ಮನೆಯಲ್ಲಿ ಅನ್ನ ಹಾಕುವುದಿಲ್ಲ.

ಶಹಾಬಾದಿನಿಂದ, ಕಾರ್ಖಾನೆಯ ನಿವೃತ್ತ ಎಲೆಕ್ಟ್ರಿಷಿಯನ್:
ತಮ್ಮಾ, ಮುಳ್ಳು ಅಲ್ಲಾಡಿದರೆ ಮೀಟರ್ ಚೆನ್ನಾಗಿದೆ ಅಂತ ಅಲ್ಲ. ಮುಳ್ಳನ್ನು ತಿರುಗಿಸುವ ಒಳಗಿನ ಕಾಯಿಲ್ ಸುಟ್ಟ ಮೀಟರಿನ ಮುಳ್ಳು ಇನ್ನೂ ಜಾಸ್ತಿ ಅಲ್ಲಾಡುತ್ತದೆ. ಹೀಗೆ ಮಾಡು. ಸ್ವಿಚ್ಚನ್ನು ಡಿಸಿ ಕರೆಂಟಿನ ಅತಿ ಸಣ್ಣ ರೇಂಜಿಗೆ ಇಡು. ಎರಡೂ ಟರ್ಮಿನಲ್ ನಡುವೆ ಒಂದು ತುಂಡು ವೈರ್ ಸಿಕ್ಕಿಸು. ಈಗ ಮೀಟರನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸು. ಕಾಯಿಲ್ ಚೆನ್ನಾಗಿದ್ದರೆ ಮುಳ್ಳು ಎಣ್ಣೆಯಲ್ಲಿ ಮುಳುಗಿದ ಹಾಗೆ ನಿಧಾನವಾಗಿ ಸರಿಯುತ್ತದೆ. ಕಾಯಿಲಿನ ವೈರ್ ಕಟ್ ಆಗಿದ್ದರೆ ಜೋಕಾಲಿ ಹಾಗೆ ಕುಣಿಯುತ್ತದೆ. ಕಾಯಿಲ್ ಆಯಸ್ಕಾಂತದ ನಡುವೆ ಓಡಾಡುವಾಗ ತಾನೇ ಸಣ್ಣ ಕರೆಂಟ್ ಹುಟ್ಟಿಸುತ್ತದೆ, ದಾರಿ ಮುಚ್ಚಿದ್ದರೆ ಆ ಕರೆಂಟೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಸೆಲ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ದೂರ ತೆಗೆದುಕೊಂಡು ಹೋಗುವಾಗಲೂ ಹೀಗೇ ಶಾರ್ಟ್ ಮಾಡಿ ಇಡು, ಬಸ್ಸಿನ ಕುಲುಕಾಟಕ್ಕೆ ಮುಳ್ಳು ಬಡಿದುಕೊಳ್ಳುವುದಿಲ್ಲ.

ಆಮೇಲೆ ಮೀಟರನ್ನು ಮಲಗಿಸಿ ನೋಡು, ನಿಲ್ಲಿಸಿ ನೋಡು. ಸೊನ್ನೆಯಿಂದ ಮುಳ್ಳು ಬಹಳ ಸರಿದರೆ ಮುಳ್ಳಿನ ಸಮತೋಲ ತಪ್ಪಿದೆ ಅಂತ ಅರ್ಥ. ಒಂದು ಹೊಸ 1.5 ವೋಲ್ಟ್ ಸೆಲ್ ಜೇಬಲ್ಲಿ ಇಟ್ಟುಕೊಂಡು ಹೋಗು. 2.5 ವೋಲ್ಟ್ ರೇಂಜಿಗೆ ಇಟ್ಟು ಅಳೆದರೆ ಒಂದೂವರೆಗಿಂತ ಸ್ವಲ್ಪ ಮೇಲೆ ತೋರಿಸಬೇಕು. ವೋಲ್ಟ್ ಅಳೆಯಲು ಒಳಗಿನ ಸೆಲ್ ಬೇಕೇ ಇಲ್ಲ, ಸೆಲ್ ಬೇಕಾಗುವುದು ಓಮ್‌ಗೆ ಮಾತ್ರ. ಇನ್ನೊಂದು ಮಾತು. ಡಿಜಿಟಲ್ ಮೀಟರ್ ಓಮ್ಸ್‌ನಲ್ಲಿಟ್ಟು ಮುಳ್ಳು ತಿರುಗಿಸುವ ಕಾಯಿಲನ್ನು ನೇರವಾಗಿ ಅಳೆಯಲು ಹೋಗಬೇಡ. ನಾನು ಹಾಗೆ ಮಾಡಿ ಒಂದರ ಮುಳ್ಳು ಬಗ್ಗಿಸಿದ್ದೇನೆ, ಅದೂ ಬೇರೆಯವರ ಮೀಟರ್.

ಬೀದರಿನಿಂದ, ಹಳೆ ರೇಡಿಯೋ ರಿಪೇರಿ ಹವ್ಯಾಸ:
ಏವೋ ಅಂದ್ರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಂಪಿಯರ್, ವೋಲ್ಟ್, ಓಮ್, ಈ ಮೂರರ ಮೊದಲ ಅಕ್ಷರಗಳೇ ಅದರ ಹೆಸರು. ಮೊದಲ ಏವೋ 1923ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ನೀವು ನೋಡಿದ ಮಾಡೆಲ್ 8 ಶುರುವಾದದ್ದು 1951ರಲ್ಲಿ, ತಯಾರಿಕೆ ನಿಂತದ್ದು 2008ರಲ್ಲಿ. ಹಾಗಾಗಿ ಮಾಡೆಲ್ 8 ಅಂದ ಕೂಡಲೇ ಭಾರಿ ಅಪರೂಪ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಅದರಲ್ಲಿ ಎರಡು ಕಿತಾಪತಿ ಇವೆ. ಒಂದು, ಎರಡು ದೊಡ್ಡ ಸ್ವಿಚ್ ಇರುತ್ತವೆ. ಡಿಸಿ ಅಳೆಯಬೇಕಾದರೆ ಬಲಗಡೆಯದನ್ನು ಮೊದಲು ಡಿಸಿ ಅನ್ನುವಲ್ಲಿ ಇಡಬೇಕು, ಆಗ ಮಾತ್ರ ಎಡಗಡೆಯದು ಕೆಲಸ ಮಾಡುತ್ತದೆ. ಇನ್ನೊಂದು, ಓವರ್‌ಲೋಡ್ ಆದರೆ ಒಂದು ಗುಂಡಿ ಎದ್ದು ನಿಲ್ಲುತ್ತದೆ. ಜೋರಾಗಿ ಕೆಳಗಿಟ್ಟರೂ ಒಮ್ಮೊಮ್ಮೆ ಎದ್ದು ಬಿಡುತ್ತದೆ. ಅದು ಎದ್ದಿದ್ದರೆ ಒಳಗೆ ದಾರಿ ಕಟ್, ಮೀಟರ್ ಪೂರಾ ಸತ್ತ ಹಾಗೇ ಕಾಣುತ್ತದೆ. ಶಹಾಬಾದಿನವರು ಹೇಳಿದ ಪರೀಕ್ಷೆ ಮಾಡುವ ಮೊದಲು ಗುಂಡಿ ಒತ್ತಿ ನೋಡಿ. ಸತ್ತಿದೆ ಅಂತ ಅಂಗಡಿಯವನೇ ನಂಬಿದ್ದರೆ ಚೌಕಾಸಿಗೆ ಒಳ್ಳೆಯದು!

ಸುಮ್ನೆ ಕಪಾಟಲ್ಲಿ ಇಡಬೇಡಿ, ಬಳಸಿ. ಹಳೆ ವಾಲ್ವ್ ರೇಡಿಯೋಗಳ ಸರ್ವಿಸ್ ಹಾಳೆಯಲ್ಲಿ ಕೊಟ್ಟ ವೋಲ್ಟೇಜ್‌ಗಳಲ್ಲಿ ಎಷ್ಟೋ ಇಂಥ ಮೀಟರಿನಲ್ಲಿ ಅಳೆದವು. ಇದು ಪ್ರತಿ ವೋಲ್ಟಿಗೆ 20,000 ಓಮ್. 10 ವೋಲ್ಟ್ ರೇಂಜಿನಲ್ಲಿ ಇಟ್ಟರೆ ಸರ್ಕ್ಯೂಟ್ ಮೇಲೆ 2 ಲಕ್ಷ ಓಮ್ ರೆಸಿಸ್ಟರ್ ಹಾಕಿದ ಹಾಗೆ. ಡಿಜಿಟಲ್ ಮೀಟರ್ ಸಾಮಾನ್ಯವಾಗಿ 1 ಕೋಟಿ ಓಮ್, ಸರ್ಕ್ಯೂಟಿನ ವೋಲ್ಟೇಜನ್ನು ಅಷ್ಟು ಕೆಳಗೆ ಎಳೆಯುವುದಿಲ್ಲ. ಅದಕ್ಕೇ ಡಿಜಿಟಲ್‌ನಲ್ಲಿ ಅಳೆದರೆ ಕೆಲವು ಕಡೆ ಹಾಳೆಗಿಂತ ಜಾಸ್ತಿ ಬರುತ್ತದೆ. ನಾನು ಒಂದು ವಾರ ಒಂದು ರೇಡಿಯೋದಲ್ಲಿ ಇಲ್ಲದ ದೋಷ ಹುಡುಕಿದೆ, ಏವೋ ಹಚ್ಚಿದ ಮೇಲೆ ಲೆಕ್ಕ ಸರಿಯಾಯಿತು.

ಯಾದಗಿರಿಯಿಂದ, ಮೋಟರ್ ವೈಂಡಿಂಗ್ ಅಂಗಡಿ:
ಗುಜರಿಗೆ ಹೋದರೆ ಕೈಯಿಂದ ತಿರುಗಿಸುವ ಹಳೆ ಮೆಗ್ಗರ್ (ವೈರಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಕೂಡ ನೋಡ್ರಿ. ಅದರ ಮುಳ್ಳು ಸೊನ್ನೆಗೂ ಬರುವುದಿಲ್ಲ, ಕೊನೆಗೂ ಹೋಗುವುದಿಲ್ಲ, ಎಲ್ಲೋ ನಡುವೆ ನಿಂತಿರುತ್ತದೆ. ಕೆಟ್ಟಿದೆ ಅಂತ ಜನ ಬಿಟ್ಟು ಹೋಗುತ್ತಾರೆ. ಕೆಟ್ಟಿರುವುದಿಲ್ಲ! ಅದರಲ್ಲಿ ಮುಳ್ಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗೇ ಇಲ್ಲ. ಹಿಡಿ ತಿರುಗಿಸಿ, ವೈರ್ ಬಿಚ್ಚಿಟ್ಟಾಗ ಇನ್ಫಿನಿಟಿಗೆ ಹೋಗಬೇಕು, ಎರಡೂ ಸೇರಿಸಿ ಮೆಲ್ಲಗೆ ತಿರುಗಿಸಿದಾಗ ಸೊನ್ನೆಗೆ ಬರಬೇಕು. ಸೇರಿಸುವಾಗ ತುದಿ ಮುಟ್ಟಬೇಡ್ರಿ, 500 ವೋಲ್ಟ್ ಇರುತ್ತದೆ. ನಮ್ಮ ಹುಡುಗ ಒಮ್ಮೆ ಮುಟ್ಟಿದ, ಆ ದಿನ ಚಹಾ ನಾನೇ ತರಬೇಕಾಯಿತು.

ಸೇಡಮ್ಮಿನಿಂದ:
ಒಂದೇ ಮಾತು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಮುಖದ ಮೀಟರನ್ನು ಒಣ ಬಟ್ಟೆಯಿಂದ ಒರೆಸಿದರೆ ಮುಳ್ಳು ತಾನಾಗಿ ಮೇಲೆ ಏರಿ ಅಂಟಿಕೊಳ್ಳುತ್ತದೆ. ನಮ್ಮ ಕಡೆ ಗಾಳಿ ಅಷ್ಟು ಒಣ, ಸ್ಟ್ಯಾಟಿಕ್ ಹುಟ್ಟುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ಒದ್ದೆ ಬಟ್ಟೆಯಿಂದ ಒರೆಸಿ, ಸರಿಹೋಗುತ್ತದೆ. ನಾನು ಇದು ತಿಳಿಯದೆ ಒಂದು ಒಳ್ಳೆ ಜಪಾನಿ ಮೀಟರ್ ಬಿಚ್ಚಿ ಹಾಳು ಮಾಡಿದೆ.

ಶಹಾಬಾದಿನಿಂದ, ಮತ್ತೆ:
ಹೇಳುವುದು ಮರೆತೆ. ಈ ಹಳೆ ಮುಳ್ಳಿನ ಮೀಟರುಗಳನ್ನು 415 ವೋಲ್ಟಿನ ಪ್ಯಾನಲ್‌ಗೆ ಹಚ್ಚಬೇಡ. ಈಗಿನ ಒಳ್ಳೆ ಮೀಟರಿನ ಒಳಗೆ ದೊಡ್ಡ ಶಾರ್ಟನ್ನು ತಡೆಯುವ ಫ್ಯೂಸ್ ಇರುತ್ತದೆ, ಇವುಗಳಲ್ಲಿ ಅದು ಇಲ್ಲ. ತಪ್ಪಿ ಆಂಪಿಯರ್ ರೇಂಜಿನಲ್ಲಿ ಬಿಟ್ಟು ಫೇಸಿಗೆ ಹಚ್ಚಿದರೆ ಕೈಯಲ್ಲೇ ಸಿಡಿಯುತ್ತದೆ. ಮತ್ತೆ ಮುಳ್ಳಿನ ಮೀಟರಿನಲ್ಲಿ ಓಮ್ ಅಳೆಯುವಾಗ ಕೆಂಪು ವೈರ್ ಮೈನಸ್ ಆಗಿರುತ್ತದೆ. ಡಯೋಡ್ ನೋಡುವಾಗ ನೆನಪಿಡು.

ಕೇಳಿದವರು:
ಮೀಟರ್ ಕೊಂಡು ತಂದೆ! ಗುಂಡಿ ಎದ್ದೇ ಇತ್ತು ಸರ್. ಒತ್ತಿದೆ, ವೈರ್ ಸಿಕ್ಕಿಸಿ ತಿರುಗಿಸಿದೆ, ಮುಳ್ಳು ಜೇನಿನಲ್ಲಿ ಸಿಕ್ಕ ಹಾಗೆ ನಿಧಾನ. ಅಂಗಡಿಯವನಿಗೆ ಏನೂ ಹೇಳಲಿಲ್ಲ. ಮುಖ ಸಪ್ಪೆ ಮಾಡಿಕೊಂಡು 1,900ಕ್ಕೆ ಇಳಿಸಿದೆ. ಸೆಲ್ ಹಚ್ಚಿದರೆ 1.55 ತೋರಿಸುತ್ತಿದೆ. ಆದರೆ ಸೆಲ್ ಮನೆಯಲ್ಲಿ ಹಸಿರು ಕಿಲುಬು ಹಿಡಿದಿದೆ. ಮತ್ತೆ ಓಮ್‌ಗೆ 15 ವೋಲ್ಟಿನ ಬ್ಯಾಟರಿ ಬೇಕಂತೆ, ಸೂಪರ್ ಮಾರ್ಕೆಟ್ ಕಡೆ ಕೇಳಿದರೆ ನಗುತ್ತಾರೆ.

ಬೀದರಿನಿಂದ:
ಶಹಭಾಸ್! ಕಿಲುಬಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿದ ಹತ್ತಿ ಸಾಕು, ಆಮೇಲೆ ನೀರಿನ ಬಟ್ಟೆ, ಚೆನ್ನಾಗಿ ಒಣಗಿಸಿ. 15 ವೋಲ್ಟಿಗೆ 3 ವೋಲ್ಟಿನ ಐದು ಗುಂಡಿ ಸೆಲ್‌ಗಳನ್ನು ಸರಣಿಯಲ್ಲಿ ಹಾಕಿ, ನನ್ನದು ಹಾಗೇ ನಡೆಯುತ್ತಿದೆ. ಗುಂಡಿ ಸೆಲ್ ಮೇಲೆ ನೇರ ಬೆಸುಗೆ ಹಾಕಬೇಡಿ, ಬಿಸಿಗೆ ಒಡೆಯುತ್ತದೆ. ಹೋಲ್ಡರ್ ಸಿಗದಿದ್ದರೆ ಪಿವಿಸಿ ಪೈಪಿನ ತುಂಡಿನಲ್ಲಿ ಒಂದರ ಮೇಲೊಂದು ಕೂರಿಸಿ, ಎರಡೂ ಕಡೆ ಹಳೆ ಟಾರ್ಚಿನ ಸ್ಪ್ರಿಂಗ್ ಇಡಿ.