ಅಪ್‌ಡೇಟ್: ಅಪ್ಪಯ್ಯನ ಹೊಟ್ಟೆನೋವಿಗೆ ಕಾರಣ ತಿಳಿಯಿತು

ತೀರ್ಥಹಳ್ಳಿಯಲ್ಲಿರುವ ಅಪ್ಪಯ್ಯನಿಗೆ ಹೊಟ್ಟೆಯ ಎಡಭಾಗದಲ್ಲಿ ಹಠಾತ್ ನೋವು ಬಂದು, ಮರುದಿನ ಮಲದಲ್ಲಿ ಕೆಂಪು ರಕ್ತ ಹೋಗಿದ್ದರ ಬಗ್ಗೆ ಇಲ್ಲಿ ಹಿಂದೆ ಕೇಳಿದ್ದೆ. ಮೂಲವ್ಯಾಧಿಯೆಂಬ ಕೆಲವರ ಊಹೆ ಸರಿಯಾಗಲಿಲ್ಲ, ಮುರುಗಲ ಸಾರಿನಿಂದಲೂ ಗುಣ ಕಾಣಲಿಲ್ಲ. ತಡಮಾಡದೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದವರ ಸಲಹೆಯೇ ಕೈಹಿಡಿಯಿತು. ಅವರಿಗೆ ನಾವು ಋಣಿ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿದಾಗ, ದೊಡ್ಡ ಕರುಳು ಗುಲ್ಮದ (ಹೊಟ್ಟೆಯ ಎಡಮೇಲ್ಭಾಗದ ಅಂಗವಾದ ಸ್ಪ್ಲೀನ್) ಬಳಿ ತಿರುಗುವಲ್ಲಿ ರಕ್ತಸಂಚಾರ ಕುಗ್ಗಿ ಒಳಪದರ ಊದಿ ಹುಣ್ಣಾಗಿರುವುದು, ಅಂದರೆ ಇಸ್ಕೀಮಿಕ್ ಕೊಲೈಟಿಸ್, ಕಂಡುಬಂತು. ಎರಡು ರಕ್ತನಾಳಗಳ ವ್ಯಾಪ್ತಿ ಸಂಧಿಸುವ ಆ ತಿರುವಿಗೆ, ಕಾಲುವೆಯ ತುದಿಯ ಅಡಿಕೆ ಮರಕ್ಕೆ ನೀರು ಸಾಲದಾಗುವಂತೆ, ರಕ್ತದೊತ್ತಡ ಇಳಿದಾಗ ಬೇಗ ಕೊರತೆಯಾಗುತ್ತದೆ. ಬಾಯಿಗೆ ಏನೂ ಕೊಡದೆ ಡ್ರಿಪ್ ಮತ್ತು ಆಂಟಿಬಯೋಟಿಕ್ ಕೊಟ್ಟರು, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ರಕ್ತನಾಳಗಳನ್ನು ಕುಗ್ಗಿಸುವ ಸ್ಯೂಡೋಎಫೆಡ್ರಿನ್ ಎಂಬ ಔಷಧ ಇರುವ ಶೀತದ ಮಾತ್ರೆಯೂ ಇದಕ್ಕೆ ಕಾರಣವಾಗಬಲ್ಲದೆಂಬುದು ನಮಗೆ ಹೊಸ ವಿಷಯ. ಹೊಟ್ಟೆ ಗಟ್ಟಿಯಾಗಿ ಜ್ವರವೂ ಬಂದರೆ ದಯವಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.