ಭಾವ, ಕಾರ್ಡು ತೋರಿಸಿದ್ರೆ ಉಣುಗು ಕಚ್ಚೋದು ಬಿಡುತ್ತಾ?

ಭಾವ, ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದನ್ನ ಈಗ ನೋಡಿದೆ. ಆರೋಗ್ಯ ಇಲಾಖೆಗೆ ಸುರಿಯೋ ದುಡ್ಡೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ, ಈ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಅದರ ಕೆಳಗಿನ ಸಬ್‌ಸೆಂಟರ್ ಎಲ್ಲ ಮುಚ್ಚಿ ಮನೆಗೊಂದು ಐದು ಲಕ್ಷದ ಕಾರ್ಡ್ ಕೊಟ್ಟು ಕೈ ತೊಳ್ಕೊಳ್ಳಲಿ ಅಂತ. ಅದಕ್ಕೆ ನಮ್ಮ ಬೆಂಗಳೂರಿನ ಹುಡುಗ್ರು ಹೆಬ್ಬೆಟ್ಟು ಒತ್ತಿದಾರೆ, ಅದೂ ನೋಡಿದೆ ಮಕ್ಕಳಾ. ವಾಯ್ಸ್ ಮೆಸೇಜ್ ಹಾಕಿದ್ರೆ ಎರಡು ನಿಮಿಷ ಆದ್ಮೇಲೆ ಯಾರೂ ಕೇಳಲ್ಲ, ಅದಕ್ಕೆ ನಾನು ಫೋನಿಗೆ ಬಾಯಲ್ಲಿ ಹೇಳ್ತಾ ಇದೀನಿ ಅದು ಟೈಪ್ ಮಾಡ್ಕೊಳ್ತಾ ಇದೆ, ಅಕ್ಷರ ಹೆಚ್ಚುಕಮ್ಮಿ ಆಗಿದ್ರೆ ಸರಿಮಾಡ್ಕೊಂಡು ಓದಿ. ಉದ್ದ ಆಗುತ್ತೆ, ಆದ್ರೂ ಓದಿ.

ಮೊದಲು ಕಾರ್ಡಿನ ವಿಷಯ. ಆ ಕಾರ್ಡ್ ಬೇಡ ಅಂತ ನಾನು ಹೇಳಲ್ಲ, ಎಷ್ಟೋ ಜನರ ಹಾರ್ಟ್ ಆಪರೇಶನ್, ಡಯಾಲಿಸಿಸ್ ಅದರಲ್ಲೇ ಆಗಿದೆ, ಕಣ್ಣಾರೆ ಕಂಡಿದೀನಿ. ಆದ್ರೆ ಐದು ಲಕ್ಷ ಅಂತೀರಲ್ಲ, 2018ರಲ್ಲಿ ಆರೋಗ್ಯ ಕರ್ನಾಟಕ ಅಂತ ಬಂದಾಗ ಐದು ಲಕ್ಷ ಇಟ್ಟಿದ್ದು ಬಿಪಿಎಲ್‌ನವರಿಗೆ, ನಿಮ್ಮಂಥ ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಒಳಗೆ. ಮತ್ತೆ ಎಮರ್ಜೆನ್ಸಿ ಅಲ್ಲದಿದ್ರೆ ಪ್ರೈವೇಟ್ ಆಸ್ಪತ್ರೆಗೆ ಹೋಗೋಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಸರ್ಕಾರಿ ಆಸ್ಪತ್ರೆ ಮುಚ್ಚಿಸಿ ಆ ಚೀಟಿ ಯಾರ ಹತ್ರ ಬರೆಸ್ಕೊಳ್ತೀರಿ ಭಾವ?

ಅದು ಹಾಗಿರಲಿ. ಕಾರ್ಡ್ ಕೆಲಸ ಶುರುವಾಗೋದು ನೀವು ಬೆಡ್ ಮೇಲೆ ಮಲಗಿದ ಮೇಲೆ. ಮಲಗದ ಹಾಗೆ ನೋಡ್ಕೊಳ್ಳೋ ಕೆಲಸಕ್ಕೆ ಯಾವ ಕಾರ್ಡೂ ದುಡ್ಡು ಕೊಡಲ್ಲ. ದೂರದ್ದು ಬೇಡ, ನಮ್ಮ ಮಂಗನ ಕಾಯಿಲೆನೇ ತಗೊಳ್ಳಿ. ಇಷ್ಟು ವರ್ಷ ಸಬ್‌ಸೆಂಟರ್‌ನಲ್ಲಿ ಸಿಸ್ಟರ್ ಆಗಿ ಇದರ ಹಿಂದೇನೇ ಓಡಾಡಿದವಳು ನಾನು, ಇದನ್ನಾದ್ರೂ ನನ್ನ ಮಾತು ಕೇಳಿ.

ಹುಡುಗ್ರಿಗೆ ಗೊತ್ತಿರಲಿಕ್ಕಿಲ್ಲ, ಇದು ಜಗತ್ತಿಗೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೇಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಮಂಗ ಸಾಯ್ತಾ ಇದ್ವು, ಜನಕ್ಕೂ ಜ್ವರ, ಮೊದಲು ಯಲ್ಲೋ ಫೀವರ್ ಬಂತೇನೋ ಅಂತ ಹೆದರಿ ಪುಣೆಯಿಂದ ವೈರಸ್ ತಜ್ಞರು ಬಂದ್ರು. ಆಮೇಲೆ ಗೊತ್ತಾಯ್ತು, ಇದೇ ಬೇರೆ ವೈರಸ್ಸು, ಉಣುಗಿನಿಂದ, ಅಂದ್ರೆ ಮೈಗೆ ಕಚ್ಚಿ ರಕ್ತ ಹೀರೋ ಸಣ್ಣ ಹುಳದಿಂದ ಬರೋದು ಅಂತ. ಇವತ್ತಿಗೂ ಈ ವೈರಸ್ ಸಾಯಿಸೋ ಔಷಧಿ ಅಂತ ಯಾವುದೂ ಇಲ್ಲ. ಜ್ವರ, ತಲೆನೋವು, ಸೊಂಟ ಕಾಲು ಮುರಿದಂಗೆ ನೋವು, ಕೆಲವರಿಗೆ ರಕ್ತಸ್ರಾವ, ಒಮ್ಮೆ ಇಳೀತು ಅಂತ ಸಮಾಧಾನ ಮಾಡ್ಕೊಳ್ಳೋ ಹೊತ್ತಿಗೆ ಒಂದೆರಡು ವಾರ ಬಿಟ್ಟು ಕೆಲವರಿಗೆ ಮತ್ತೆ ಬರುತ್ತೆ, ಆಗ ತಲೆಗೇ ಹೋಗುತ್ತೆ. ನೂರು ಜನಕ್ಕೆ ಬಂದ್ರೆ ಮೂರರಿಂದ ಐದು ಜನ ಉಳಿಯಲ್ಲ. ಗ್ಲೂಕೋಸ್ ಹಾಕಿ, ಪ್ಲೇಟ್‌ಲೆಟ್ ನೋಡ್ತಾ, ದೇವರ ಮೇಲೆ ಭಾರ ಹಾಕೋದು. ಮಣಿಪಾಲಕ್ಕೇ ಹೋಗಿ ಬೆಂಗಳೂರಿಗೇ ಹೋಗಿ, ಅಷ್ಟೇ.

ಹಾಗಾಗಿ ಇದ್ರಲ್ಲಿ ಜೀವ ಉಳಿಸೋ ಕೆಲಸ ಎಲ್ಲ ಆಸ್ಪತ್ರೆ ಹೊರಗೇನೇ ನಡೆಯೋದು. ಹೇಗೆ ಅಂತ ಕೇಳಿ. ದರಕಿಗೆ, ಅಂದ್ರೆ ಒಣಗಿದ ಎಲೆ ತರೋಕೆ ಹೋದ ಯಾರೋ ಬೆಟ್ಟದಲ್ಲಿ ಮಂಗ ಸತ್ತಿದೆ ಅಂತ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡ್ತಾರೆ. ಅವಳು ಪಿಎಚ್‌ಸಿಗೆ ಹೇಳ್ತಾಳೆ, ಪಶು ಆಸ್ಪತ್ರೆಯವರು, ಫಾರೆಸ್ಟಿನವರು, ನಮ್ಮವರು ಎಲ್ಲ ಸೇರಿ ಹೋಗ್ಬೇಕು. ಮಂಗ ಸತ್ತು ಮೈ ತಣ್ಣಗಾದ ಕೂಡ್ಲೇ ಅದರ ಮೇಲಿದ್ದ ಉಣುಗೆಲ್ಲ ಇಳಿದು ದರಕಿಗೆ ಸೇರ್ಕೊಳ್ಳುತ್ತೆ, ಅದಕ್ಕೆ ಅದು ಸತ್ತ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಕೀಟನಾಶಕದ ಪುಡಿ ಹಾಕ್ಬೇಕು, ಹೆಣ ಸುಡಬೇಕು, ಸ್ಯಾಂಪಲ್ ಕಳಿಸ್ಬೇಕು. ಆಮೇಲೆ ಕಾಡಲ್ಲಿ ಬಟ್ಟೆ ಎಳ್ಕೊಂಡು ಹೋಗಿ ಅದಕ್ಕೆ ಹತ್ತಿದ ಉಣುಗು ಒಂದೊಂದೇ ಆರಿಸಿ ಸೀಸೆಗೆ ತುಂಬಿ ಶಿವಮೊಗ್ಗದ ಲ್ಯಾಬಿಗೆ. ಎಳ್ಳಿನಷ್ಟೂ ಇರಲ್ಲ ಆ ಮರಿ ಉಣುಗು! ಇಷ್ಟಾದ ಮೇಲೆ ಸುತ್ತಲಿನ ಮನೆಮನೆಗೆ ಹೋಗಿ ಯಾರಿಗಾದ್ರೂ ಜ್ವರ ಇದೆಯಾ ಅಂತ ಕೇಳೋದು, ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೆಪಾ ಎಣ್ಣೆ ಹಂಚೋದು, ಸೊಪ್ಪಿನ ಬೆಟ್ಟಕ್ಕೆ ಹೋಗೋ ಮೊದಲು ಕೈಕಾಲಿಗೆ ಹಚ್ಕೊಳ್ಳಿ, ಬಂದ ಕೂಡ್ಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬಿಸಿನೀರಲ್ಲೇ ನೆನೆಸಿ ಅಂತ ಬಾಯಿ ನೋಯೋ ತನಕ ಹೇಳೋದು. ಇದಕ್ಕೆಲ್ಲ ಡೀಸೆಲ್ ಬೇಕು, ಗ್ಲೌಸ್ ಬೇಕು, ಪುಡಿ ಬೇಕು, ಎಣ್ಣೆ ಬೇಕು, ಲ್ಯಾಬಲ್ಲಿ ಕಿಟ್ ಬೇಕು, ಕಿಟ್ ಇದ್ರೂ ಟೆಸ್ಟ್ ಮಾಡೋ ಟೆಕ್ನಿಶಿಯನ್ ಬೇಕು. ಇದರಲ್ಲಿ ಯಾವುದನ್ನ ನಿಮ್ಮ ಐದು ಲಕ್ಷದಲ್ಲಿ ಕ್ಲೇಮ್ ಮಾಡ್ತೀರಿ?

ಮಂಗನ ಕಾಯಿಲೆ ಸೀಸನ್ ನವೆಂಬರ್ ಡಿಸೆಂಬರಿಂದ ಮೇ ತನಕ ಅಲ್ವಾ, ಸರ್ಕಾರದ ಲೆಕ್ಕದ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಅಂದ್ರೆ ಕಾಯಿಲೆ ನೆತ್ತಿ ಮೇಲೆ ಕೂತಿರೋ ಹೊತ್ತಿಗೆ ಸರಿಯಾಗಿ ಹಳೇ ದುಡ್ಡು ಮುಗಿದಿರುತ್ತೆ, ಹೊಸದು ಬಂದಿರಲ್ಲ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ದುಡ್ಡು ಕೇಂದ್ರದ್ದು 60 ರಾಜ್ಯದ್ದು 40 ಅಂತ ಲೆಕ್ಕ, ಎರಡೂ ಕಡೆಯಿಂದ ಇಳಿದು ಜಿಲ್ಲೆ ದಾಟಿ ತಾಲೂಕಿಗೆ ಬರೋ ಹೊತ್ತಿಗೆ ಮಳೆ ಶುರುವಾಗಿರುತ್ತೆ. ಕಾಂಟ್ರಾಕ್ಟ್ ಮೇಲಿರೋ ಹುಡುಗ ಹುಡುಗೀರದ್ದೂ ವರ್ಷಕ್ಕೊಂದ್ಸಲ ರಿನ್ಯೂವಲ್ಲು, ಅದೂ ಇದೇ ಹೊತ್ತಿಗೆ. ಉಣುಗಿಗೆ ಮಾರ್ಚ್ 31 ಗೊತ್ತಾಗಲ್ಲ ಭಾವ. ಎಣ್ಣೆಗೆ ಇಂಡೆಂಟ್ ಹಾಕಿ, ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಹೇಳಿಸ್ಕೊಂಡು, ಊರಿನವರ ಹತ್ರ ಬೈಸ್ಕೊಂಡಿದ್ದು ನಾವು, ಕೆಳಗಿನವರು.

2018ರ ಕೊನೆ, 2019ರ ಶುರುವಲ್ಲಿ ಸಾಗರ ತಾಲೂಕಿನ ಅರಲಗೋಡು ಕಡೆ ಏನಾಯ್ತು ಅಂತ ಎಲ್ಲರಿಗೂ ನೆನಪಿದೆ. ಒಂದೇ ಪಂಚಾಯ್ತಿ ಸುತ್ತಮುತ್ತ ಸಾಲಾಗಿ ಜ್ವರ, ಸಾವು, ಜನ ತೋಟ ಬಿಟ್ಟು ನೆಂಟರ ಮನೆಗೆ ಹೋಗಿ ಕೂತಿದ್ರು. ಆಗ ಬಂದ್ರು ನೋಡಿ ಎಲ್ಲರೂ, ಮಂತ್ರಿಗಳು, ಟಿವಿಯವರು, ಆಂಬುಲೆನ್ಸು, ಕೇಳಿದ್ದೆಲ್ಲ ಸಿಗ್ತು. ಎರಡು ವರ್ಷ ತಣ್ಣಗಾಯ್ತೋ ಇಲ್ವೋ ಎಲ್ಲ ಮರೆತುಹೋಯ್ತು. 2024ರಲ್ಲಿ ಮತ್ತೆ ಉತ್ತರ ಕನ್ನಡದ ಸಿದ್ದಾಪುರ ಕಡೆ ಎದ್ದಾಗ ಮತ್ತೆ ಮೊದಲಿಂದ ಶುರು.

ನಿಮಗೆ ನಿಮ್ಮ ತೋಟದ ಭಾಷೇಲೇ ಹೇಳ್ತೀನಿ. ಮಳೆ ಹಿಡಿಯೋಕೆ ಮೊದಲೇ ಮೈಲುತುತ್ತ ಸುಣ್ಣ ತಂದು ಅಡಿಕೆಗೆ ಕೊಳೆರೋಗದ ಔಷಧಿ ಹೊಡಿಸ್ತೀರಿ, ಮರ ಹತ್ತೋ ಕೊನೆಗೌಡ ಸಿಗದಿದ್ರೆ ಊರೆಲ್ಲ ಫೋನ್ ಮಾಡ್ತೀರಿ, ಕೂಲಿ ಎಷ್ಟಾದ್ರೂ ಕೊಡ್ತೀರಿ. ಒಂದು ವರ್ಷ ಕೊಳೆ ಬರ್ಲಿಲ್ಲ ಅಂತ ಮುಂದಿನ ವರ್ಷ ಔಷಧಿ ದುಡ್ಡು ದಂಡ ಅಂತ ಬಿಟ್ಟಿದೀರಾ ಯಾವತ್ತಾದ್ರೂ? ಬಿಟ್ಟವರ ತೋಟ ಏನಾಯ್ತು ಅಂತ ನೀವೇ ನಮ್ಗೆ ಕಥೆ ಹೇಳ್ತೀರಲ್ಲ. ಇಲಾಖೆ ವಿಷಯದಲ್ಲಿ ಮಾತ್ರ ಕೇಸ್ ಇಲ್ಲ ಅಂದ್ರೆ ದುಡ್ಡು ಯಾಕೆ ಅಂತೀರಿ, ಕೇಸ್ ಬಂದ್ರೆ ಇಷ್ಟು ದಿನ ಏನು ಮಾಡ್ತಿದ್ರಿ ಅಂತೀರಿ.

ಲಸಿಕೆ ಕಥೆ ಇನ್ನೂ ಬೇಜಾರು. ನಮ್ಮದೇ ರಾಜ್ಯದ ಸರ್ಕಾರಿ ಸಂಸ್ಥೆ, ಬೆಂಗಳೂರಿನ ಹೆಬ್ಬಾಳದಲ್ಲಿ, ಮಂಗನ ಕಾಯಿಲೆಗೆ ಲಸಿಕೆ ಮಾಡ್ತಿತ್ತು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್ರು, ಆಮೇಲೂ ವರ್ಷ ವರ್ಷ. ಹಾಕಿದ ಜಾಗ ಉರಿತಿತ್ತು, ಒಂದ್ಸಲ ಹಾಕಿಸ್ಕೊಂಡವರು ಎರಡನೇ ಸಲ ನಮ್ಮನ್ನ ಕಂಡ್ರೆ ಹಿತ್ತಲ ಬಾಗಿಲಿಂದ ತೋಟಕ್ಕೆ ಓಡ್ತಿದ್ರು, ಯಾರು ಅಂತ ಹೆಸರು ಹೇಳಲ್ಲ, ಈ ಗ್ರೂಪಲ್ಲೇ ಇದಾರೆ. 2005ರಿಂದ 2010ರ ತನಕದ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸ್ ತಗೊಂಡವರಿಗೆ ರಕ್ಷಣೆ 62% ಅಷ್ಟೇ, ಬೂಸ್ಟರೂ ತಗೊಂಡವರಿಗೆ 83%. ಅಂದ್ರೆ ಸುಧಾರಿಸ್ಬೇಕು ಅಂತ ಆಗಲೇ ಕಾಣ್ತಿತ್ತು. ಹೊಸದು ಬರೋ ಮೊದಲೇ ಹಳೇದು ಗುಣಮಟ್ಟ ಸಾಲದೇ 2022ರ ಹೊತ್ತಿಗೆ ನಿಂತೇಹೋಯ್ತು. ಪ್ರೈವೇಟ್ ಕಂಪನಿ ಯಾಕೆ ಮಾಡ್ಲಿಲ್ಲ ಅಂತ ಕೇಳ್ಬೇಡಿ, ಪಶ್ಚಿಮ ಘಟ್ಟದ ಕಾಡಂಚಿನ ಜನಕ್ಕೆ ಬರೋ ಕಾಯಿಲೆ, ಸೊಪ್ಪು ಸೌದೆಗೆ ಹೋಗೋರಿಗೆ, ದನ ಕಾಯೋರಿಗೆ ಬರೋದು, ಇದರಲ್ಲಿ ಯಾರಿಗೆ ಲಾಭ ಇದೆ? ಈಗ ಐಸಿಎಂಆರ್, ಅಂದ್ರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ, ಹೈದರಾಬಾದಿನ ಇಂಡಿಯನ್ ಇಮ್ಯುನೋಲಾಜಿಕಲ್ಸ್ ಜೊತೆ ಹೊಸ ಲಸಿಕೆ ಮಾಡೋಕೆ ಕೈ ಹಾಕಿದೆ, ಆ ಕಂಪನಿ ಹುಟ್ಟುಹಾಕಿದ್ದೂ ದೇಶದ ಹೈನು ಅಭಿವೃದ್ಧಿ ಮಂಡಳಿ, ಎನ್‌ಡಿಡಿಬಿ. ಅಲ್ಲೂ ಸಾರ್ವಜನಿಕರ ದುಡ್ಡೇ. ಕಾಯಿಲೆ ಮಾತ್ರ ಈ ಮಧ್ಯೆ ಸುಮ್ನೆ ಕೂತಿಲ್ಲ, ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ ಎಲ್ಲ ಕಡೆ ಕಾಲಿಟ್ಟಾಯ್ತು.

ಈಗ ದೇಶದ ಲೆಕ್ಕ ಸ್ವಲ್ಪ. 2017ರ ರಾಷ್ಟ್ರೀಯ ಆರೋಗ್ಯ ನೀತೀಲಿ ಸರ್ಕಾರವೇ ಬರ್ಕೊಂಡಿದೆ, 2025ರ ಹೊತ್ತಿಗೆ ಜಿಡಿಪಿಯ 2.5% ಆರೋಗ್ಯಕ್ಕೆ ಹಾಕ್ತೀವಿ, ಅದರಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಥಮಿಕ ಆರೋಗ್ಯಕ್ಕೆ ಅಂತ. 2021-22ರ ಲೆಕ್ಕದಲ್ಲಿ ಕೇಂದ್ರ ರಾಜ್ಯ ಎಲ್ಲ ಸೇರಿಸಿದ್ರೂ 1.84%. ಅದೂ ಕೋವಿಡ್ ವರ್ಷ! ಆದ್ರೆ ಇನ್ನೊಂದು ಮಾತೂ ಹೇಳ್ಬೇಕು, 2013-14ರಲ್ಲಿ ಆರೋಗ್ಯಕ್ಕೆ ಖರ್ಚಾಗೋ ನೂರು ರೂಪಾಯಲ್ಲಿ 64 ಜನರ ಜೇಬಿಂದ ಹೋಗ್ತಿತ್ತು, 2021-22ಕ್ಕೆ ಅದು 39ಕ್ಕೆ ಇಳಿದಿದೆ, ಅದೇ ಅವಧೀಲಿ ಸರ್ಕಾರದ ಪಾಲು 29ರ ಹತ್ರದಿಂದ 48ಕ್ಕೆ ಏರಿದೆ. ಇದನ್ನ ನೀರಲ್ಲಿ ಹೋಯ್ತು ಅಂತ ಹೇಗೆ ಹೇಳ್ತೀರಿ? ಪೋಲಿಯೋ ಕೊನೇ ಕೇಸ್ ಈ ದೇಶದಲ್ಲಿ ಬಂದಿದ್ದು 2011ರ ಜನವರೀಲಿ, ಬೂತಲ್ಲಿ ಹನಿ ಹಾಕ್ತಾ ಕೂತಿದ್ದವರು ಇದೇ ಸಬ್‌ಸೆಂಟರಿನವರು, ಅಂಗನವಾಡಿ ಟೀಚರ್ರು, ಆಶಾಗಳು.

ಆಶಾ ಅಂದ್ಕೂಡ್ಲೆ ನೆನಪಾಯ್ತು. ಕೋವಿಡಲ್ಲಿ ತಟ್ಟೆ ಬಡಿದ್ವಿ, ಹೂವು ಹಾಕಿದ್ವಿ. 2025ರ ಜನವರೀಲಿ ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳೀಲಿ ರಾತ್ರಿ ಮಲಗಿದ್ರು, ತಿಂಗಳಿಗೆ ಹದಿನೈದು ಸಾವಿರ ಗೌರವಧನ ಕೊಡಿ ಅಂತ. ಹತ್ತು ಸಾವಿರ ಸಿಗೋ ಹಾಗೆ ಮಾಡ್ತೀವಿ ಅಂತ ಸಿಎಂ ಭರವಸೆ ಕೊಟ್ಟ ಮೇಲೆ ಎದ್ರು. ಸಂಬಳ ಅಂತ ಹೇಳಂಗೂ ಇಲ್ಲ, ಗೌರವಧನ. ಬೆಟ್ಟ ಹತ್ತಿ ಮಂಗ ಸತ್ತಿದ್ದು ನೋಡ್ಕೊಂಡು ಬರೋಳು ಅವಳು.

ನೀವು ಹೇಳಿದ್ದರಲ್ಲಿ ಒಂದು ಸತ್ಯ ಇದೆ, ಅದನ್ನ ಒಪ್ತೀನಿ. ದುಡ್ಡು ಹಾಳಾಗುತ್ತೆ. ನಾನು ಕಂಡ ಒಂದು ಆಸ್ಪತ್ರೇಲಿ, ಹೆಸರು ಬೇಡ, ಮಷಿನ್ ಬಂದು ಪ್ಲಾಸ್ಟಿಕ್ ಕವರ್ ಬಿಚ್ಚದೇ ಧೂಳು ಹಿಡೀತಿತ್ತು, ನಡೆಸೋ ಹುದ್ದೆ ಖಾಲಿ, ಅದೇ ವರ್ಷ ಗೇಟಿಗೆ ಕಮಾನು ಕಟ್ಟಿಸಿ ಗ್ರಾನೈಟ್ ಹಾಕಿದ್ರು. ಕಟ್ಟಡಕ್ಕೆ ದುಡ್ಡು ಬೇಗ ಹುಟ್ಟುತ್ತೆ ಭಾವ, ಯಾಕೆ ಅಂತ ನಿಮಗೆ ನಾನು ಹೇಳ್ಬೇಕಾ, ನೀವೂ ಒಂದು ಅವಧಿ ಪಂಚಾಯ್ತಿ ಮೆಂಬರ್ ಆಗಿದ್ದವರೇ. ಆದ್ರೆ ಅದಕ್ಕೆ ಲೆಕ್ಕ ಕೇಳ್ಬೇಕು, ಬಾಗಿಲು ಹಾಕಿಸೋದಲ್ಲ.

ಸರಿ, ಈಗ ಕೆಲಸದ ಮಾತು. ನಾನೂ ನಮ್ಮ ಹಳೇ ಸ್ಟಾಫಿನವರು ಕೆಲವರೂ ಸೇರಿ ಒಂದು ಮನವಿ ಬರೆದಿದೀವಿ, ಫೋಟೋ ಕೆಳಗೆ ಹಾಕ್ತೀನಿ. ಅದರಲ್ಲಿ ಇರೋದು ಇಷ್ಟು, ಡೆಪಾ ಎಣ್ಣೆ ಅಕ್ಟೋಬರ್ ಒಳಗೇ ಸಬ್‌ಸೆಂಟರಿಗೆ ಬಂದು ಕೂತಿರ್ಬೇಕು, ಲ್ಯಾಬ್ ಟೆಕ್ನಿಶಿಯನ್ ಹುದ್ದೆ ಪರ್ಮನೆಂಟ್ ಮಾಡಿ ತುಂಬ್ಬೇಕು, ಮಂಗನ ಕಾಯಿಲೆಗೆ ಇಟ್ಟ ದುಡ್ಡು ಮಾರ್ಚಲ್ಲಿ ವಾಪಸ್ ಹೋಗದೇ ಮೇ ತನಕ ಬಳಸೋ ಹಾಗೆ ಮಾಡ್ಬೇಕು, ಆಶಾಗಳ ದುಡ್ಡು ಬಾಕಿ ಇಡಬಾರದು, ಹೊಸ ಲಸಿಕೆ ಬರೋ ತನಕ ರಾಜ್ಯ ಬಜೆಟ್ಟಲ್ಲಿ ಇದಕ್ಕೇ ಅಂತ ಪ್ರತ್ಯೇಕ ಹಣ ತೋರಿಸ್ಬೇಕು. ಮೊದಲು ಗ್ರಾಮಸಭೇಲಿ ಓದಿ ನಡಾವಳಿ ಪುಸ್ತಕದಲ್ಲಿ ಬರೆಸ್ಬೇಕು, ಬಾಯಲ್ಲಿ ಹೇಳಿ ಬಂದ್ರೆ ಯಾರೂ ಲೆಕ್ಕಕ್ಕೆ ತಗೊಳಲ್ಲ. ಆಮೇಲೆ ಎಲ್ಲ ಇಲಾಖೆಗಳ ಕೆಲಸ ಪರಿಶೀಲಿಸೋ ತಾಲೂಕಿನ ಕೆಡಿಪಿ ಮೀಟಿಂಗಲ್ಲಿ ಎಂಎಲ್‌ಎ ಕೈಗೆ, ಬಜೆಟ್‌ಗೆ ಎಷ್ಟೋ ಮೊದಲು. ಫೆಬ್ರವರೀಲಿ ಕೊಟ್ರೆ ಹಾರ ಹಾಕಿ ಫೋಟೋ ತೆಗೆಸ್ಕೊಂಡು ಬರಬೇಕಷ್ಟೇ.

ಬೆಂಗಳೂರಿನ ಹುಡುಗ್ರೇ, ನಿಮ್ಮ ವೋಟು ಇನ್ನೂ ಊರಲ್ಲೇ ಇದೆ, ನೀವೂ ಸಹಿ ಹಾಕಿ ಫೋಟೋ ಕಳಿಸಿ, ನಾನು ಪ್ರಿಂಟ್ ತೆಗೆಸ್ತೀನಿ. ಆಧಾರ್ ಗೀಧಾರ್ ಏನೂ ಬೇಡ, ಹೆಸರು ಊರು ಸಾಕು. ಅತ್ತಿಗೆ, ನೀವು ಸಂಘದ ಮೀಟಿಂಗಲ್ಲಿ ಹೆಂಗಸರ ಸಹಿ ತಗೊಳ್ಳಿ, ಬೆಟ್ಟಕ್ಕೆ ಹೋಗೋರು ಅವರೇ ಜಾಸ್ತಿ. ಭಾವ, ಭಾನುವಾರ ಮಧ್ಯಾಹ್ನ ಕಾಗದ ಹಿಡ್ಕೊಂಡು ಮನೆಗೇ ಬರ್ತೀನಿ, ಮೊದಲನೇ ಸಹಿ ಜಾಗ ನಿಮಗೆ ಅಂತ ಖಾಲಿ ಬಿಟ್ಟಿದೀನಿ, ತೋಟದ ಕಡೆ ಹೋಗ್ಬಿಡಬೇಡಿ.